ದೇವರಕಾಡಿನ ಮೌನ

ದೇವರನ್ನು ಕಾಣಲು ಗುಡಿಯೇ ಬೇಕೆ? ಕೊಡಗಿನ ಹಿರಿಯರು ಕಾಡನ್ನೇ ಗುಡಿಯೆಂದು ನಂಬಿದರು. ಅಯ್ಯಪ್ಪ, ಭಗವತಿ ಮೊದಲಾದ ದೇವರ ಹೆಸರಿನ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಅಲ್ಲಿವೆ. ಅಲ್ಲಿ ಮರ ಕಡಿಯಬಾರದೆಂಬುದು ಹಿಂದಿನಿಂದ ಬಂದ ಕಟ್ಟಳೆ.

ವಿಜ್ಞಾನವೂ ಇದನ್ನು ಒಪ್ಪುತ್ತದೆ. ಉದುರಿದ ಎಲೆ ಕೊಳೆತು ನೆಲ ಮೆತ್ತಗಾಗುತ್ತದೆ. ಮಳೆನೀರು ಕೊಚ್ಚಿಹೋಗದೆ ಇಂಗಿ, ಮುಂದೆ ಒರತೆಯಾಗಿ ಹೊಮ್ಮುತ್ತದೆ. ಆದರೆ 1905ರಲ್ಲಿ ಸುಮಾರು 15,500 ಎಕರೆಯಿದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಒತ್ತುವರಿ ಇದಕ್ಕೆ ಮುಖ್ಯ ಕಾರಣ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನು ವಿಚಾರಿಸುತ್ತಾ ಚೆನ್ನಮಲ್ಲಿಕಾರ್ಜುನನನ್ನು ಅರಸಿದರು. ನೀವೂ ಒಮ್ಮೆ ಹಿರಿಯರೊಡನೆ ಇಂಥ ಬನಕ್ಕೆ ಹೋಗಿ, ಅರ್ಧ ಗಂಟೆ ಮಾತಿಲ್ಲದೆ ಕುಳಿತುಕೊಳ್ಳಿ. ಅಲ್ಲಿ ನಿಮಗೆ ದೊರೆತದ್ದು ನಾಳೆ ನಿಮ್ಮ ತಮ್ಮ ತಂಗಿಯರಿಗೂ ದೊರೆಯಬೇಕಾದರೆ, ಮರಗಳು ಉಳಿಯಬೇಕು.