‘ಪಾರ್ಟಿ’ ಶಬ್ದದ ಅರ್ಥವ್ಯಾಪ್ತಿ: ಗುಜರಾತಿನ ಮೂರು ನಗರಗಳ ನಿದರ್ಶನ

ಪರಭಾಷೆಯ ಶಬ್ದಗಳು ಕನ್ನಡಕ್ಕೆ ಬಂದಾಗ ಅವುಗಳ ಧ್ವನಿರೂಪದಲ್ಲಾಗುವ ವ್ಯತ್ಯಾಸಗಳನ್ನು ನಮ್ಮ ವ್ಯಾಕರಣ ಪರಂಪರೆ ಹಿಂದಿನಿಂದಲೂ ಗಮನಿಸುತ್ತ ಬಂದಿದೆ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣವೇ ಇದಕ್ಕೆ ಸಾಕ್ಷಿ. ಆದರೆ ರೂಪ ಹಾಗೆಯೇ ಉಳಿದು ಅರ್ಥ ಮಾತ್ರ ಊರಿಂದೂರಿಗೆ ಬೇರೆಯಾಗುವ ಶಬ್ದಗಳು ನಿಘಂಟುಕಾರನ ಕಣ್ಣು ತಪ್ಪಿಸುವುದುಂಟು. ಇಂಗ್ಲಿಷಿನಿಂದ ಬಂದ ‘ಪಾರ್ಟಿ’ ಅಂಥ ಶಬ್ದ. ಗುಜರಾತಿನ ಸೂರತ್, ವಡೋದರಾ, ಅಹಮದಾಬಾದ್ ನಗರಗಳಲ್ಲಿ ಅದಕ್ಕಿರುವ ಬಳಕೆಯನ್ನು ಕನ್ನಡದೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಶಬ್ದದ ಮೂಲ ಲ್ಯಾಟಿನ್. ‘ಭಾಗಮಾಡು’ ಎಂಬುದು ಅಲ್ಲಿನ ಧಾತ್ವರ್ಥ. ಕನ್ನಡದ ‘ಪಾಲು’ ಇದಕ್ಕೆ ಹತ್ತಿರದ ಮಾತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಪಕ್ಷ, ಬಣ, ವ್ಯಾಜ್ಯದ ಕಕ್ಷಿ ಎಂಬ ಅರ್ಥಗಳನ್ನು ಪಡೆಯಿತು. ಸಂತೋಷಕೂಟವೆಂಬ ಅರ್ಥ ಸೇರಿದ್ದು 18ನೆಯ ಶತಮಾನದಲ್ಲಿ.

ಮೊದಲು ಸೂರತ್ತನ್ನು ನೋಡೋಣ. 1613ರ ಹೊತ್ತಿಗೇ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ನೆಲೆಯೂರಿದ ಈ ರೇವುಪಟ್ಟಣ ಇಂದು ಕೃತಕ ನೂಲಿನ ಸೀರೆಗಳಿಗೆ ಹೆಸರಾಗಿದೆ. ಅಲ್ಲಿಯ ಜವಳಿ ಮಾರುಕಟ್ಟೆಯಲ್ಲಿ ‘ಪಾರ್ಟಿ’ ಎಂದರೆ ಸಾಲದ ಮೇಲೆ ಸರಕು ಕೊಳ್ಳುವ, ಖಾತೆಯುಳ್ಳ ವ್ಯಾಪಾರಿ ಅಥವಾ ಅಂಗಡಿ. ‘ಬೆಂಗಳೂರಿನ ಪಾರ್ಟಿ’ ಎಂದರೆ ಚಿಕ್ಕಪೇಟೆಯ ಸಗಟು ವ್ಯಾಪಾರಿ ಇರಬಹುದು. ‘ಪಾರ್ಟೀ ಊಠೀ ಗಈ’ ಎಂಬ ಗುಜರಾತಿ ವಾಕ್ಯವನ್ನು ‘ಕೂಟ ಮುಗಿಯಿತು’ ಎಂದು ಅನುವಾದಿಸಿದರೆ ದೊಡ್ಡ ಅಪಾರ್ಥವಾದೀತು. ಬಾಕಿ ತೀರಿಸದೆ ವ್ಯಾಪಾರಿ ಅಂಗಡಿ ಎತ್ತಿದನೆಂಬುದು ಅದರ ಅರ್ಥ. ಇದೇ ಧಾತುವಿನ ‘ಊಠಮಣುಂ’ ಎಂಬ ನಾಮಪದಕ್ಕೆ ಸತ್ತವರ ಮನೆಯವರಿಗೆ ಸಾಂತ್ವನ ಹೇಳಲು ಸೇರುವ ಸಭೆ ಎಂಬ ಅರ್ಥವೂ, ವ್ಯಾಪಾರಿಯ ದಿವಾಳಿ ಎಂಬ ಅರ್ಥವೂ ಇವೆ. ಎರವಲು ಬಂದ ಶಬ್ದ ದೇಶ್ಯ ಕ್ರಿಯಾಪದದೊಡನೆ ಕೂಡಿ ಪಡೆದ ಈ ಅರ್ಥ ಇಂಗ್ಲಿಷ್ ನಿಘಂಟಿನಲ್ಲಿ ಸಿಗುವಂಥದಲ್ಲ.

ವಡೋದರಾ ಆಡಳಿತ ಪರಿಭಾಷೆಗೆ ಹೆಸರಾದ ನಗರ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1931ರಲ್ಲಿ ಹೊರಬಂದ ‘ಸಯಾಜಿ ಶಾಸನ ಕಲ್ಪತರು’ ಇಂಗ್ಲಿಷ್ ಆಡಳಿತ ಪದಗಳಿಗೆ ಗುಜರಾತಿ, ಮರಾಠಿ, ಸಂಸ್ಕೃತ ಮೊದಲಾದ ಭಾಷೆಗಳ ಸಮಾನಪದಗಳನ್ನು ಒಟ್ಟುಗೂಡಿಸಿತು. ಇಂದಿನ ಗುಜರಾತಿಯ ಶಿಷ್ಟ ಬರಹದಲ್ಲಿ ರಾಜಕೀಯ ಪಾರ್ಟಿಗೆ ‘ಪಕ್ಷ’, ನ್ಯಾಯಾಲಯದ ಪಾರ್ಟಿಗೆ ‘ಪಕ್ಷಕಾರ’ ಎಂಬ ಪದಗಳಿವೆ. ಕನ್ನಡದಲ್ಲಿ ‘ಪಕ್ಷ’, ‘ಕಕ್ಷಿದಾರ’ ಇರುವಂತೆ. ಆದರೆ ನಮ್ಮ ಹಳ್ಳಿಯವರು ‘ಊರಲ್ಲಿ ಎರಡು ಪಾರ್ಟಿ ಆಗಿದೆ’ ಎಂದಾಗ ಅಲ್ಲಿರುವುದು ನೋಂದಾಯಿತ ಪಕ್ಷವಲ್ಲ, ಮನೆತನಗಳ ಒಡಕು. ಅದಕ್ಕೆ ‘ಪಂಗಡ’ವೇ ಸರಿಯಾದ ಪದ.

ಅಹಮದಾಬಾದಿನಲ್ಲಿ ಗಮನ ಸೆಳೆಯುವುದು ‘ಪಾರ್ಟಿ ಪ್ಲಾಟ್’ ಎಂಬ ಸಮಾಸ. ಮದುವೆ, ಆರತಕ್ಷತೆ, ನವರಾತ್ರಿಯ ಗರ್ಬಾಗಳಿಗೆ ಬಾಡಿಗೆಗೆ ದೊರೆಯುವ ಬಯಲು ಇದು. ಉಳಿದೆರಡು ನಗರಗಳಲ್ಲಿಯೂ ಇದೇ ಹೆಸರು. ಕೆಲವು ವಿನಾಯಿತಿಗಳಿದ್ದರೂ 1960ರಲ್ಲಿ ರಾಜ್ಯ ರಚನೆಯಾದಂದಿನಿಂದ ಗುಜರಾತಿನಲ್ಲಿ ಪಾನನಿಷೇಧವಿದೆ. ಮನೆಯ ಹಿರಿಯರು, ಮಕ್ಕಳು ಎಲ್ಲರೂ ಸೇರುವ ಜಾಗದ ಹೆಸರಿನಲ್ಲಿ ‘ಪಾರ್ಟಿ’ ನಿಃಸಂಕೋಚವಾಗಿ ನಿಂತಿದೆ. ಕನ್ನಡದಲ್ಲಾದರೋ ಗೆಳೆಯರ ನಡುವೆ ‘ಪಾರ್ಟಿ ಕೊಡಿಸು’ ಎಂದರೆ ಬಾಡೂಟವೋ ಮದ್ಯವೋ ಸೂಚಿತವಾಗುವುದುಂಟು. ಇದು ಅರ್ಥಸಂಕೋಚ, ಅಲ್ಲಿಯದು ಅರ್ಥವಿಸ್ತಾರ.

ಈ ಮೂರು ನಿದರ್ಶನಗಳಿಂದ ಹೊರಡುವ ತೀರ್ಮಾನ ಸ್ಪಷ್ಟ. ಎರವಲು ಶಬ್ದದ ಅರ್ಥವನ್ನು ನಿಶ್ಚಯಿಸುವುದು ಅದರ ತವರಲ್ಲ. ಬಳಸುವ ಜನರ ಕಸುಬು, ಕಾನೂನು, ಕೂಟಗಳು. ಆದ್ದರಿಂದ ‘ಪಾರ್ಟಿ’ ಕಂಡಲ್ಲೆಲ್ಲ ‘ಪಕ್ಷ’ವೆಂದು ತಿದ್ದುವ ಶುದ್ಧಿಕಾರ್ಯದಿಂದ ಭಾಷೆ ಶುದ್ಧವಾಗುವುದಿಲ್ಲ, ಸಮಾಜದ ವಿವರಗಳು ಮರೆಯಾಗುತ್ತವೆ. 1894ರಲ್ಲಿ ಪ್ರಕಟವಾದ ತನ್ನ ನಿಘಂಟಿನಲ್ಲಿ ಕಿಟ್ಟೆಲ್ ಹಿಂದುಸ್ತಾನಿಯಿಂದ ಬಂದ ಬಳಕೆಯ ಮಾತುಗಳನ್ನೂ ಹೊರಗಿಡದೆ ಮೂಲಸಹಿತ ದಾಖಲಿಸಿದ. ಇಂಗ್ಲಿಷಿನಿಂದ ಬಂದ ಶಬ್ದಗಳಿಗೂ ಇಂಥದೇ ಶ್ರಮ ಸಲ್ಲಬೇಕು. ಪ್ರತಿಯೊಂದು ಅರ್ಥದ ಎದುರಿನಲ್ಲಿ ಅದು ಕೇಳಿಬಂದ ಊರು, ಆಡಿದವರ ಕಸುಬು, ಒಂದು ಪೂರ್ಣ ವಾಕ್ಯ — ಇಷ್ಟನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಸಂತೆಯಿಂದಲೇ ಆರಂಭಿಸಬಹುದು.