ಅಗ್ಗಿಷ್ಟಿಕೆಯ ಮರ, ಬೈಕಿನ ಸ್ಪ್ರಿಂಗು

1963ರ ಆಗಸ್ಟ್‌ನಲ್ಲಿ ಲಂಡನ್ನಿನ ಪಶ್ಚಿಮದ ಫೆಲ್ತಮ್‌ನಲ್ಲಿ ಅಪ್ಪ-ಮಗ ಇಬ್ಬರೂ ಸೇರಿ ಎಲೆಕ್ಟ್ರಿಕ್ ಗಿಟಾರ್ ಮಾಡಲು ಕೂತರು. ಮಗನಿಗೆ ಹದಿನಾರು ವರ್ಷ, ಹೆಸರು ಬ್ರಯಾನ್ ಮೇ. ಅಪ್ಪ ಹೆರಾಲ್ಡ್ ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ನಕ್ಷೆಗಾರ. ಅಂಗಡಿಯ ಗಾಜಿನ ಹಿಂದೆ ತೂಗುತ್ತಿದ್ದ ಅಮೆರಿಕದ ಫೆಂಡರ್ ಗಿಟಾರ್ ಕೊಳ್ಳುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಇಬ್ಬರಿಗೂ ಕೈಕೆಲಸ ಬರುತ್ತಿತ್ತು, ಅಷ್ಟೇ ಬಂಡವಾಳ.

ಗಿಟಾರಿನ ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯೊಂದರ ಮೇಲಿದ್ದ ಮಹೋಗನಿ ಹಲಗೆ ಬಂತು. ಅದಕ್ಕೆ ಹುಳು ಹಿಡಿದಿತ್ತು, ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿನ ನಡುವಿನ ದಿಮ್ಮಿಗೆ ಹಳೆಯ ಓಕ್ ಮೇಜು, ಅಕ್ಕಪಕ್ಕಕ್ಕೆ ಬ್ಲಾಕ್‌ಬೋರ್ಡ್, ಮೇಲೆ ಮಹೋಗನಿ ವಿನಿಯರ್. ಸ್ವರಸ್ಥಾನ ತೋರಿಸುವ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನಚಿಪ್ಪಿನ ಗುಂಡಿಗಳು. ಒಟ್ಟು ಖರ್ಚು ಸುಮಾರು 8 ಪೌಂಡ್, ಹಿಡಿದ ಸಮಯ ಸುಮಾರು ಎರಡು ವರ್ಷ. ‘ರೆಡ್ ಸ್ಪೆಷಲ್’ ಎಂದು ಹೆಸರಾದ ಈ ಗಿಟಾರನ್ನೇ ಮೇ ಮುಂದೆ ಕ್ವೀನ್ ಎಂಬ ರಾಕ್ ತಂಡದಲ್ಲಿ ನುಡಿಸಿದರು. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿಯ ಮೇಲೆ ನಿಂತು ನುಡಿಸಿದಾಗ ಹೆಗಲಲ್ಲಿದ್ದದ್ದೂ ಅದೇ.

ಈ ಕಥೆಯನ್ನು ಪ್ರತಿಭೆಯ ಪವಾಡವೆಂದು ಹೇಳುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ಪಿಟೀಲು ಮಾಡಲು ಹೊರಟವನಿಗೆ ಗುರುವಿನ ಕೈಕೆಳಗೆ ವರ್ಷಗಟ್ಟಲೆ ಪಳಗದೆ ಗತಿಯಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಾಗಲ್ಲ. ಅದು ಅಳತೆಗೆ ಬಗ್ಗುವ ಯಂತ್ರ. ಎಲ್ಲಿ ನಿಖರವಾಗಿರಬೇಕು, ಎಲ್ಲಿ ಹೇಗಿದ್ದರೂ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಮನೆಯ ಮೂಲೆಯಲ್ಲೂ ಮಾಡಬಹುದು.

ಮಾಮೂಲಿ ಗಿಟಾರ್, ಪಿಟೀಲು, ವೀಣೆ ಎಲ್ಲವೂ ತಂತಿಯ ಕಂಪನವನ್ನು ತೆಳು ಹಲಗೆಗೆ ದಾಟಿಸಿ ಗಾಳಿಯನ್ನು ಅಲುಗಿಸುತ್ತವೆ. ಹಲಗೆ ಎಷ್ಟು ದಪ್ಪ, ಎಳೆ ಯಾವ ದಿಕ್ಕಿಗೆ, ಒಳಗಿನ ಗಾಳಿ ಎಷ್ಟು ಎಂಬುದೆಲ್ಲ ನಾದಕ್ಕೆ ಬಂದು ಸೇರುತ್ತದೆ. ತಂತಿಯ ಶಕ್ತಿ ಗಾಳಿಗೆ ಹೋದಷ್ಟೂ ಸದ್ದು ದೊಡ್ಡದು, ಅಷ್ಟೇ ಬೇಗ ಅದು ಅಡಗುತ್ತದೆ. ಗಟ್ಟಿ ಒಡಲಿನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರ ಅಲುಗುವುದೇ ಕಡಿಮೆ, ಹಾಗಾಗಿ ತಂತಿ ಹೆಚ್ಚು ಹೊತ್ತು ನುಡಿಯುತ್ತದೆ. ಸದ್ದು ದೊಡ್ಡದಾಗಿಸುವ ಹೊಣೆ ಆಂಪ್ಲಿಫೈಯರ್‌ನದು. 1940ರ ಸುಮಾರಿಗೆ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕಿಂಚು ಚೌಕದ ಪೈನ್ ತೊಲೆಗೆ ಕುತ್ತಿಗೆ, ತಂತಿ, ಪಿಕಪ್ ಬಿಗಿದು ನುಡಿಸಿದರು. ಬರೀ ತೊಲೆ ಕೇಳುಗರ ಕಣ್ಣಿಗೆ ಹಿಡಿಸಲಿಲ್ಲ. ಬೇರೊಂದು ಗಿಟಾರನ್ನು ಸೀಳಿ ಆ ತೊಲೆಯ ಎರಡೂ ಬದಿಗೆ ರೆಕ್ಕೆಯಂತೆ ಅಂಟಿಸಿದರು. ಆ ರೆಕ್ಕೆಗಳಿದ್ದದ್ದು ನೋಡುವವರ ಸಮಾಧಾನಕ್ಕೆ.

ಹಾಗಾದರೆ ನಾದ ಹುಟ್ಟುವುದು ಎಲ್ಲಿ? ತಂತಿಗಳ ಕೆಳಗಿರುವ ಪಿಕಪ್‌ನಲ್ಲಿ. ಆಯಸ್ಕಾಂತದ ಸುತ್ತ ಎನಾಮಲ್ ಬಳಿದ ತಾಮ್ರದ ತಂತಿಯ ಸುರುಳಿ, ಇಷ್ಟೇ ಅದರ ಒಳಗುಟ್ಟು. ಪಂಪ್‌ಸೆಟ್ ಮೋಟಾರ್ ರಿವೈಂಡ್ ಮಾಡುವ ಅಂಗಡಿಯಲ್ಲಿ ಕಾಣುವ ತಂತಿಯ ಜಾತಿಯದೇ, ಆದರೆ ದಪ್ಪ ಸುಮಾರು 0.06 ಮಿ.ಮೀ. ಮಾತ್ರ. ಇಂಥದ್ದು ಏಳೆಂಟು ಸಾವಿರ ಸುತ್ತು. ಆಯಸ್ಕಾಂತದ ಪ್ರಭಾವದಿಂದ ಮೇಲಿನ ಉಕ್ಕಿನ ತಂತಿಯೂ ತುಸು ಆಯಸ್ಕಾಂತವಾಗುತ್ತದೆ. ಅದು ಕಂಪಿಸಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿದು ವಿದ್ಯುತ್ ಹುಟ್ಟುತ್ತದೆ. ವಿಜ್ಞಾನಿ ಫ್ಯಾರಡೆ 1831ರಲ್ಲಿ ಕಂಡ ತತ್ತ್ವವೇ ಇದು. ತಂತಿಗಳು ಒಡಲಿನ ಮೇಲೆ ಆತು ನಿಲ್ಲುವ ಬ್ರಿಡ್ಜಿನ ಪಕ್ಕದಲ್ಲಿ ಪಿಕಪ್ ಇದ್ದರೆ ನಾದ ಚೂಪು, ಕುತ್ತಿಗೆಯ ಕಡೆಗಿದ್ದರೆ ದುಂಡು. ಬ್ರಿಡ್ಜಿನ ಬಳಿ ಮೂಲಸ್ವರದ ಅಲುಗಾಟ ಸಣ್ಣದು, ಅದರ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳ ಪಾಲು ಹೆಚ್ಚು. ಪಿಕಪ್ ಕೂರುವ ಜಾಗ ಎರಡಿಂಚು ಬದಲಾದರೆ ಯಾರ ಕಿವಿಗೂ ಗೊತ್ತಾಗುತ್ತದೆ. ಮರದ ಜಾತಿ ಬದಲಾದರೆ ಗೊತ್ತಾಗುತ್ತದೆಯೇ ಎಂಬ ಜಗಳ ಮಾತ್ರ ಗಿಟಾರ್ ಮಂದಿಯಲ್ಲಿ ಮುಗಿಯುವ ಹಾಗಿಲ್ಲ.

ಬ್ರಯಾನ್ ಮೇ ಮೊದಲು ಪಿಕಪ್‌ಗಳನ್ನೂ ಕೈಯಾರೆ ಸುತ್ತಿದ್ದರು. ಸದ್ದು ಚೆನ್ನಾಗಿತ್ತು, ಆದರೆ ತಂತಿಯನ್ನು ಬೆರಳಿನಿಂದ ಅಡ್ಡಕ್ಕೆ ಎಳೆದಾಗ ವಿಚಿತ್ರವಾಗಿ ತೊದಲುತ್ತಿತ್ತು. ವೀಣೆಯಲ್ಲಿ ತಂತಿ ಎಳೆದು ಗಮಕ ತರುವುದಿಲ್ಲವೇ, ರಾಕ್ ಗಿಟಾರಿನಲ್ಲೂ ಆ ಎಳೆತವೇ ಪ್ರಾಣ. ದೋಷವಿದ್ದದ್ದು ಆಯಸ್ಕಾಂತಗಳ ಧ್ರುವ ಜೋಡಿಸಿದ ಬಗೆಯಲ್ಲಿ. ಎಳೆದ ತಂತಿ ಒಂದು ಧ್ರುವದ ಮೇಲಿನಿಂದ ಅದರ ವಿರುದ್ಧ ಧ್ರುವದ ಕಡೆಗೆ ಸರಿದರೆ ಹುಟ್ಟುವ ವಿದ್ಯುತ್ತು ಕುಗ್ಗಿ, ಮತ್ತೆ ತಿರುವುಮುರುವಾಗಿ ಏಳುತ್ತದೆ. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಪಿಕಪ್ ಕೊಂಡರು. ಒಳಗಿನ ಸುರುಳಿ ಸಡಿಲಾಗಿ ತಾನೇ ಅಲುಗಿದರೆ ಆಂಪ್ಲಿಫೈಯರ್ ಕಿರುಚುತ್ತದೆ, ಅದಕ್ಕೆ ಅರಾಲ್ಡೈಟ್ ಅಂಟು ತುಂಬಿ ಗಟ್ಟಿ ಮಾಡಿದರು. ಮೂರನ್ನೂ ಸರಣಿಯಲ್ಲಿ ಜೋಡಿಸಿ ಒಂದೊಂದಕ್ಕೂ ಎರಡು ಸ್ವಿಚ್ ಕೊಟ್ಟರು. ಒಂದು, ಪಿಕಪ್ಪನ್ನು ಸೇರಿಸಲು ಅಥವಾ ಬಿಡಲು. ಇನ್ನೊಂದು, ಅದರ ವಿದ್ಯುತ್ತನ್ನು ತಲೆಕೆಳಗು ಮಾಡಲು. ಎರಡು ಪಿಕಪ್‌ಗಳಿಗೆ ಸಮನಾಗಿ ಸಿಗುವ ಸ್ವರಗಳು ಆಗ ಒಂದನ್ನೊಂದು ಅಳಿಸಿಹಾಕುತ್ತವೆ, ವ್ಯತ್ಯಾಸವಷ್ಟೇ ಉಳಿದು ತೆಳುವಾದ, ಮೂಗಿನಲ್ಲಿ ಹಾಡಿದಂಥ ನಾದ ಬರುತ್ತದೆ.

ನನಗೆ ಈ ಗಿಟಾರಿನಲ್ಲಿ ಅತಿ ಸೊಗಸಾಗಿ ಕಾಣುವ ಭಾಗ ಟ್ರೆಮೊಲೊ. ಹಿಡಿ ಒತ್ತಿದರೆ ಆರೂ ತಂತಿ ಒಟ್ಟಿಗೆ ಸಡಿಲಾಗಿ ಶ್ರುತಿ ಇಳಿಯಬೇಕು, ಕೈಬಿಟ್ಟರೆ ಕೂದಲೆಳೆಯೂ ತಪ್ಪದೆ ಮೊದಲಿನ ಜಾಗಕ್ಕೆ ಬರಬೇಕು. ಅಂದಿನ ಕಂಪನಿ ಗಿಟಾರುಗಳಲ್ಲಿ ಅನೇಕವು ಹಾಗೆ ಮರಳುತ್ತಿರಲಿಲ್ಲ, ಕಾರಣ ಘರ್ಷಣೆ. ಅಪ್ಪ-ಮಗ ತಂತಿಗಳ ತುದಿ ಹಿಡಿದ ಇಡೀ ತಟ್ಟೆಯನ್ನು ಗಟ್ಟಿ ಉಕ್ಕಿನ ಚಾಕುವಿನಂಥ ಅಂಚಿನ ಮೇಲೆ ಕೂರಿಸಿದರು. ಒಂದು ಕಡೆಯಿಂದ ತಂತಿಗಳು ಎಳೆಯುತ್ತವೆ, ಇನ್ನೊಂದು ಕಡೆಯಿಂದ 1928ರ ಪ್ಯಾಂಥರ್ ಬೈಕಿನ ವಾಲ್ವ್ ಸ್ಪ್ರಿಂಗ್‌ಗಳು ತಡೆದು ನಿಲ್ಲಿಸುತ್ತವೆ. ಬ್ರಿಡ್ಜಿನಲ್ಲಿ ತಂತಿ ಉಜ್ಜದಂತೆ ಪುಟ್ಟ ಉರುಳೆಗಳನ್ನೂ ಕೈಯಾರೆ ಮಾಡಿದರು. ಹಿಡಿಯ ಕಂಬಿ ಸೈಕಲ್ಲಿನ ಚೀಲ ತೂಗುಹಾಕುವ ಕೊಂಡಿ, ಅದರ ತುದಿ ಅಮ್ಮನ ಹೆಣಿಗೆಕಡ್ಡಿಯದು. ಸಾಮಾನು ಗುಜರಿಯದಾದರೂ ಲೆಕ್ಕಾಚಾರ ಮಾತ್ರ ಇಂಜಿನಿಯರನದು.

ಹವ್ಯಾಸಿಗಳು ಸೋಲುವುದು ಹೆಚ್ಚಾಗಿ ಫ್ರೆಟ್‌ಗಳಲ್ಲಿ. ನಮ್ಮ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವವರು ಕಿವಿಯನ್ನು ನಂಬುತ್ತಾರೆ, ತಪ್ಪಿದರೆ ಮೇಣ ಕರಗಿಸಿ ಸರಿಸುತ್ತಾರೆ. ರೆಡ್ ಸ್ಪೆಷಲ್‌ಗೂ ಇಪ್ಪತ್ತನಾಲ್ಕೇ ಫ್ರೆಟ್, ಆದರೆ ಗಿಟಾರಿನಲ್ಲಿ ಅವು ಮರದಲ್ಲಿ ಕೊಯ್ದ ಸೀಳಿಗೆ ಬಡಿದು ಕೂರಿಸಿದ ಲೋಹದ ಪಟ್ಟಿ. ಕೊಯ್ದ ಮೇಲೆ ಸರಿಸುವ ಮಾತಿಲ್ಲ. ಲೆಕ್ಕ ಸುಲಭ: ತಂತಿಯ ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ಗೆ ದೂರ ಸಿಗುತ್ತದೆ. ಫೆಂಡರ್ ಅಳತೆಯಂತೆ ತಂತಿ 648 ಮಿ.ಮೀ. ಇದ್ದರೆ ಮೊದಲ ಫ್ರೆಟ್ 36.37 ಮಿ.ಮೀ. ದೂರಕ್ಕೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ, ಅಲ್ಲಿ ಸ್ವರ ಒಂದು ಸ್ಥಾಯಿ ಏರುತ್ತದೆ. ಪ್ರತಿಯೊಂದನ್ನೂ ಹಿಂದಿನ ಫ್ರೆಟ್‌ನಿಂದ ಅಳೆದರೆ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಎಲ್ಲವನ್ನೂ ತಂತಿ ಶುರುವಾಗುವ ನಟ್‌ನಿಂದಲೇ ಅಳೆಯಬೇಕು. ಅರ್ಧ ಮಿ.ಮೀ. ತಪ್ಪು ಮೊದಲ ಫ್ರೆಟ್‌ನಲ್ಲಿ ತಂದಷ್ಟಕ್ಕೆ ಮೂರು ಪಟ್ಟು ಅಪಸ್ವರವನ್ನು ಇಪ್ಪತ್ತನೆಯದರಲ್ಲಿ ತರುತ್ತದೆ.

ಆಮೇಲೆ ಎತ್ತರ ಸಮ ಮಾಡುವ ಕೆಲಸ. ಎಲ್ಲ ಫ್ರೆಟ್‌ಗಳ ನೆತ್ತಿಗೂ ಮಾರ್ಕರ್ ಶಾಯಿ ಬಳಿದು, ನೇರವಾದ ಪಟ್ಟಿಗೆ ಉಪ್ಪುಕಾಗದ ಅಂಟಿಸಿ ಉದ್ದಕ್ಕೆ ಮೆಲ್ಲಗೆ ಉಜ್ಜುತ್ತಾರೆ. ಎತ್ತರದವುಗಳ ಶಾಯಿ ಮೊದಲು ಹೋಗುತ್ತದೆ, ತಗ್ಗಿನವು ಕಪ್ಪಾಗಿಯೇ ಉಳಿಯುತ್ತವೆ. ಎಲ್ಲದರ ಶಾಯಿಯೂ ಹೋದ ಕೂಡಲೇ ಕೈ ತೆಗೆಯಬೇಕು. ಚಪ್ಪಟೆಯಾದ ನೆತ್ತಿಯನ್ನು ಮತ್ತೆ ಅರದಿಂದ ದುಂಡಗೆ ಮಾಡದಿದ್ದರೆ ತಂತಿ ಜಿರ್ರೆನ್ನುತ್ತದೆ. ಆರು ತಂತಿಗಳ ಒಟ್ಟು ಎಳೆತ ನಲವತ್ತು ಕಿಲೋ ಆಸುಪಾಸು ಇರುವುದರಿಂದ ಕುತ್ತಿಗೆ ಬಿಲ್ಲಿನಂತೆ ಬಾಗಲು ನೋಡುತ್ತದೆ, ಅದನ್ನು ತಡೆಯಲು ಒಳಗೊಂದು ಉಕ್ಕಿನ ಸರಳು ಇರುತ್ತದೆ.

ಫ್ರೆಟ್ ಕೂರುವ ಹಲಗೆಗೆ ಜಗತ್ತಿನ ಗಿಟಾರ್ ಕಂಪನಿಗಳು ಹುಡುಕುವ ಮರಗಳಲ್ಲಿ ನಮ್ಮ ಬೀಟೆಯೂ ಒಂದು. ಕೊಡಗಿನ, ಉತ್ತರ ಕನ್ನಡದ ಕಾಡುಗಳ ಮರ. ಬ್ರೆಜಿಲ್ ತನ್ನ ಬೀಟೆಯ ದಿಮ್ಮಿ ರಫ್ತನ್ನು 1960ರ ದಶಕದ ಕೊನೆಗೆ ತಡೆದ ಮೇಲೆ ಭಾರತದ್ದಕ್ಕೆ ಬೇಡಿಕೆ ಏರಿತು. 2017ರಲ್ಲಿ ಈ ಕುಲದ ಎಲ್ಲ ಮರಗಳಿಗೂ ಅಂತರರಾಷ್ಟ್ರೀಯ ವ್ಯಾಪಾರದ ಕಡಿವಾಣ ಬಿತ್ತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆಯ ಸೊಗಸು ನನಗೂ ಇಷ್ಟವೇ. ಆದರೆ ಬ್ರಯಾನ್ ಮೇ ಬಳಸಿದ್ದು ಕಪ್ಪು ಬಳಿದ ಓಕ್ ತುಂಡು. ಬೀಟೆ ಸಿಗಲಿಲ್ಲವೆಂದು ಗಿಟಾರ್ ಮಾಡುವುದನ್ನೇ ಮುಂದೂಡುವವರಿಗೆ ನನ್ನ ಸಹಾನುಭೂತಿ ಇಲ್ಲ.

ಇನ್ನು ಬಣ್ಣ. ಮರಗೆಲಸಕ್ಕಿಂತ ಹೆಚ್ಚು ದಿನ ತಿನ್ನುವುದು ಇದೇ. ಮಹೋಗನಿಯಂಥ ಮರದ ರಂಧ್ರಗಳಿಗೆ ಮೊದಲು ಫಿಲ್ಲರ್ ತುಂಬಬೇಕು, ಇಲ್ಲದಿದ್ದರೆ ಎಷ್ಟು ಹೊಳಪು ಬಳಿದರೂ ಗುಳಿ ಕಾಣುತ್ತದೆ. 1950ರ ದಶಕದಲ್ಲಿ ಫೆಂಡರ್ ಬಳಸಿದ್ದು ಡ್ಯೂಪಾಂಟ್ ಕಂಪನಿಯ ಕಾರಿನ ಬಣ್ಣಗಳನ್ನು, ಕೆಲವಕ್ಕೆ ನೈಟ್ರೊಸೆಲ್ಯುಲೋಸ್ ಲ್ಯಾಕರನ್ನು. ಈ ಲ್ಯಾಕರ್ ಗಟ್ಟಿಯಾಗುವುದು ಥಿನ್ನರ್ ಆವಿಯಾಗಿ, ಅಷ್ಟೇ. ಮೇಲೆ ಹೊಸ ಪದರ ಬಳಿದರೆ ಹಳೆಯದು ಕರಗಿ ಅದರೊಡನೆ ಒಂದಾಗುತ್ತದೆ, ವರ್ಷಗಳ ನಂತರದ ಗೀರನ್ನೂ ಹೀಗೆ ಮುಚ್ಚಬಹುದು. ನಮ್ಮ ಬಡಗಿಗಳು ಬಳಸುವ ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಬೇರೆ ಜಾತಿ. ಹಾರ್ಡ್‌ನರ್ ಬೆರೆತ ಮೇಲೆ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮತ್ತೆ ಕರಗುವುದಿಲ್ಲ. ಬೇಗ ಆಗುತ್ತದೆ, ಗಟ್ಟಿ. ಮೊದಲ ಗಿಟಾರಿಗೆ ನಾನು ಅದನ್ನೇ ಹೇಳುವೆ. ಸ್ಪ್ರೇ ಗನ್ ಇಲ್ಲದವರಿಗೆ ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅರಗೇ ಇದೆ. ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚುವುದೇ ಫ್ರೆಂಚ್ ಪಾಲಿಶ್. ಬೆವರಿಗೂ ಬಿಸಿಗೂ ತಾಳುವುದು ಕಡಿಮೆ.

ಯಾವುದೇ ಆಗಲಿ, ತೆಳು ಪದರಗಳು, ನಡುವೆ ಸಾಕಷ್ಟು ಬಿಡುವು. ಕೊನೆಗೆ ನೀರು ಹಾಕಿ 800, 1500, 2000 ನಂಬರಿನ ಕಾಗದದಲ್ಲಿ ಉಜ್ಜಿ, ಪಾಲಿಶಿಂಗ್ ಕಾಂಪೌಂಡ್ ಹಚ್ಚಿದರೆ ಹೊಳಪು ಏಳುತ್ತದೆ. ನೈಟ್ರೊ ಲ್ಯಾಕರಾದರೆ ಇದಕ್ಕೆ ಮುಂಚೆ ವಾರಗಟ್ಟಲೆ ಕಾಯಬೇಕು. ಒಣಗಿತೇ ಎಂದು ನೋಡಲು ಮೂಗು ಸಾಕು: ಥಿನ್ನರ್ ವಾಸನೆ ಇನ್ನೂ ಬರುತ್ತಿದ್ದರೆ ಉಜ್ಜಬಾರದು, ಆಮೇಲೆ ಪದರ ಕುಗ್ಗಿ ಮರದ ಎಳೆಗಳು ಮೇಲೆ ಮೂಡುತ್ತವೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕಟ್ಟಿ ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಮಲೆನಾಡಿನಲ್ಲಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಡಬ್ಬಿ ಮುಚ್ಚಿಟ್ಟು, ಆ ನಾಲ್ಕು ತಿಂಗಳು ಫ್ರೆಟ್ ಕೂರಿಸಿಕೊಂಡು, ಪಿಕಪ್ ಸುತ್ತಿಕೊಂಡು ಇರುವುದು ಲೇಸು.