ಸೂಜಿ ಚುಚ್ಚಿದ ಜಾಗ ಊದಿದೆ, ಮೈ ನಡುಗ್ತಿದೆ. ಕಾಯಬೇಡಿ!

ಇಂಜೆಕ್ಷನ್ ಕೊಟ್ಟ ಜಾಗ ಒಂದೆರಡು ದಿನ ನೋಯೋದು ಸಹಜ. ಆದರೆ ನೋವು ಏರ್ತಾನೇ ಇದ್ದು, ಸುತ್ತ ಕೆಂಪಾಗಿ, ಬಿಸಿಯಾಗಿ ಕೀವು ಕಟ್ಟಿದ್ರೆ ಅದು ಸೋಂಕು. ಅವತ್ತೇ ಡಾಕ್ಟರಿಗೆ ತೋರಿಸಿ.

ಸೂಜಿಯೋ ಚರ್ಮವೋ ಶುಚಿಯಿಲ್ಲದಿದ್ರೆ ಬ್ಯಾಕ್ಟೀರಿಯಾನೂ ಒಳಗಿಳಿಯುತ್ತೆ. ನರಕ್ಕೆ ಚುಚ್ಚಿದ್ದಾದ್ರೆ ನೇರ ರಕ್ತಕ್ಕೇ.

ಸೋಂಕಿನ ಜೊತೆ ಹೋರಾಡಬೇಕಾದ ದೇಹ ಹದ ತಪ್ಪಿ ತನ್ನ ಅಂಗಾಂಗಗಳನ್ನೇ ಹಾಳುಮಾಡೋಕೆ ಶುರುಮಾಡಿದ್ರೆ, ಅದೇ ಸೆಪ್ಸಿಸ್. ರಕ್ತನಾಳಗಳು ಸಡಿಲಾಗಿ ಸೋರ್ತವೆ, ಬಿಪಿ ಕುಸಿಯುತ್ತೆ. ಮಿದುಳಿಗೆ ರಕ್ತ ಸಾಲದೆ ಮಾತು ತಡವರಿಸುತ್ತೆ, ಗುರುತು ತಪ್ಪುತ್ತೆ. ಕಿಡ್ನಿ ಸೋತು ಮೂತ್ರ ಕಡಿಮೆಯಾಗುತ್ತೆ. ಏದುಸಿರು, ಜೋರು ಎದೆಬಡಿತ, ಚಳಿ, ನಡುಕ. ವಯಸ್ಸಾದವರಿಗೆ ಜ್ವರಾನೇ ಬರದೆ ಮೈ ತಣ್ಣಗಾಗಬಹುದು. ಜ್ವರ ಇಲ್ವಲ್ಲ ಅಂತ ಸುಮ್ಮನಿರಬೇಡಿ, ದಯವಿಟ್ಟು.

ಇವು ಕಂಡ್ರೆ ತಕ್ಷಣ 108. ಮನೇಲಿ ಉಳಿದಿರೋ ಮಾತ್ರೆ, ಅರಿಶಿನದ ಪಟ್ಟು ಇದಕ್ಕೆ ಸಾಲಲ್ಲ. ಕೀವು ಹಿಂಡಲೇಬೇಡಿ. ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿ, ನರದ ಮೂಲಕ ಆಂಟಿಬಯೋಟಿಕ್, ಡ್ರಿಪ್ ಕೊಡ್ತಾರೆ. ಬೇಕಾದ್ರೆ ಕೀವು ತೆಗೀತಾರೆ. ಬಿಪಿ ಕುಸಿದ ಸೆಪ್ಸಿಸ್‌ಗೆ ಆಂಟಿಬಯೋಟಿಕ್ 1 ಗಂಟೆಯೊಳಗೇ ಶುರುವಾಗಬೇಕು ಅನ್ನೋದು ವೈದ್ಯಲೋಕದ ನಿಯಮ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಜನ ಸೆಪ್ಸಿಸ್‌ಗೆ ಸಂಬಂಧಿಸಿ ಸತ್ತರು ಅನ್ನೋದು ಸಂಶೋಧಕರ ಅಂದಾಜು.

ಮಾದಕವಸ್ತು ಚುಚ್ಚಿಕೊಂಡಿದ್ರೂ ಅಷ್ಟೇ. ಯಾರೋ ಬೈತಾರೆ ಅಂತ ಮನೇಲಿ ಅಡಗಿ ಕೂರಬೇಡಿ. ಏನು ಚುಚ್ಚಿದ್ದು, ಎಲ್ಲಿಗೆ, ಯಾವಾಗ ಅಂತ ಡಾಕ್ಟರಿಗೆ ಬಿಚ್ಚಿ ಹೇಳಿ. ಸರಿಯಾದ ಔಷಧಿ ಆರಿಸೋಕೆ ಅವರಿಗೆ ಅದು ಬೇಕು.